ದುಡಿಮೆಯ ಅನ್ನ, ದೇವರ ಪ್ರಸಾದ

ದಿನದ ಅನ್ನ ದೇವರು ಕೊಟ್ಟದ್ದು ಎಂಬ ನಂಬಿಕೆ ಒಂದು. ಆ ಅನ್ನವನ್ನು ಮೈಮುರಿದು ದುಡಿದೇ ಪಡೆಯಬೇಕು ಎಂಬ ನಿಯಮ ಇನ್ನೊಂದು. ಕನ್ನಡ ನಾಡಿನ ಭಕ್ತಿಪರಂಪರೆಯಲ್ಲಿ ಇವೆರಡೂ ಜೊತೆಜೊತೆಗೇ ಬೆಳೆದಿವೆ. ಮೇಲ್ನೋಟಕ್ಕೆ ಇಲ್ಲೊಂದು ತೊಡಕು ಕಾಣುತ್ತದೆ. ದುಡಿದವರು ತಮ್ಮ ಬೆವರಿನ ಫಲವನ್ನೇ ಉಣ್ಣುವುದಾದರೆ ದೇವರಿಗೆ ಕೃತಜ್ಞತೆ ಏಕೆ ಸಲ್ಲಬೇಕು? ಎಲ್ಲವನ್ನೂ ದೇವರೇ ಕೊಡುವುದಾದರೆ ದುಡಿಮೆ ಏತಕ್ಕೆ? 12ನೆಯ ಶತಮಾನದ ಶಿವಶರಣರು ಈ ತೊಡಕನ್ನು ಬಿಡಿಸಿದ ಬಗೆ ಸರಳವಾದದ್ದು. ದೇವರು ಕೊಡುತ್ತಾನೆ, ಆದರೆ ದುಡಿಯುವ ಕೈಗಳ ಮೂಲಕ ಕೊಡುತ್ತಾನೆ. ಆದ್ದರಿಂದ ಕೃತಜ್ಞತೆಯೂ ಕೈಗಳ ಮೂಲಕವೇ ಸಲ್ಲಬೇಕು. ದುಡಿಮೆ ಶುದ್ಧವಾಗಿರಬೇಕು, ಬಂದದ್ದನ್ನು ಪ್ರಸಾದವೆಂದು ಸ್ವೀಕರಿಸಬೇಕು, ಉಳಿದದ್ದನ್ನು ಹಂಚಬೇಕು. ಬೆಂಗಳೂರಿನ ಟಿ. ದಾಸರಹಳ್ಳಿ, ಪೀಣ್ಯದಂಥ ದುಡಿಯುವವರ ನೆಲದಲ್ಲಿ ಈ ವಿಚಾರ ಇಂದಿಗೂ ಹಳತಾಗಿಲ್ಲ.

ಮನುಷ್ಯನ ದುಡಿಮೆಗೆ ಮೊದಲೇ ಸಿದ್ಧವಾಗಿರುವ ಸಂಗತಿಗಳು ಹಲವು. ನೆಲವನ್ನು ಯಾರೂ ದುಡಿದು ಸೃಷ್ಟಿಸಲಿಲ್ಲ. ಮಳೆ, ಗಾಳಿ, ಬಿಸಿಲು ಯಾರ ಸಂಪಾದನೆಯೂ ಅಲ್ಲ. ಬೀಜ ಮೊಳೆಯುವ ಗುಣ, ಕಣ್ಣಿನ ನೋಟ, ಬೆರಳಿನ ಚುರುಕು, ಕಲಿತದ್ದನ್ನು ನೆನಪಿಡುವ ಬುದ್ಧಿ, ಇವೆಲ್ಲ ಹುಟ್ಟಿನೊಂದಿಗೆ ಬಂದ ಕೊಡುಗೆಗಳು. ಆದ್ಯ ವಚನಕಾರರಲ್ಲಿ ಒಬ್ಬರಾದ ಜೇಡರ ದಾಸಿಮಯ್ಯನವರು ಈ ಮಾತನ್ನು ಬಲು ಗಟ್ಟಿಯಾಗಿ ಹೇಳಿದ್ದಾರೆ. ಭೂಮಿಯೂ ಅದರಲ್ಲಿ ಬೆಳೆಯುವ ಬೆಳೆಯೂ ಸುಳಿಯುವ ಗಾಳಿಯೂ ದೇವರದೇ ಆಗಿರುವಾಗ, ಅದನ್ನುಂಡು ಬೇರೆಯವರನ್ನು ಹೊಗಳುವುದು ಕೃತಘ್ನತೆ ಎಂಬುದು ಅವರ ನಿಲುವು. ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನ ಈ ದಾಸಿಮಯ್ಯ ನೇಯ್ಗೆಯವರು. ಹಗಲಿಡೀ ಮಗ್ಗದ ಮುಂದೆ ಕೂತು ಲಾಳಿ ಆಡಿಸಿದ ಕೈಗಳೇ ಎಲ್ಲವೂ ದೇವರ ದಾನವೆಂದು ಬರೆದವು. ನೂಲು ಹತ್ತಿಯಿಂದ ಬಂತು, ಹತ್ತಿ ನೆಲದಿಂದ ಬಂತು ಎಂಬುದನ್ನು ಮಗ್ಗದ ಮುಂದೆ ಕೂತವರು ಮರೆಯುವಂತಿಲ್ಲ. ದುಡಿಮೆಯ ಒಳಗೇ ದೇವರ ಕೊಡುಗೆಯನ್ನು ಕಾಣುವ ಈ ದೃಷ್ಟಿಯಿಂದಲೇ ಕಾಯಕದ ವಿಚಾರ ಬೆಳೆಯಿತು.

ಅದು ಪೂರ್ಣ ರೂಪ ಪಡೆದದ್ದು ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಕಳಚುರಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಸುತ್ತ ನಾನಾ ಕಸುಬಿನವರು ನೆರೆದರು. ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ದನ ಕಾಯುವ ತುರುಗಾಹಿ ರಾಮಣ್ಣ, ಚರ್ಮದ ಕೆಲಸದ ಹರಳಯ್ಯ, ನೂಲು ತೆಗೆಯುವ ಕದಿರ ರೆಮ್ಮವ್ವ, ಸೌದೆ ಹೊತ್ತು ಮಾರುವ ಮೋಳಿಗೆ ಮಾರಯ್ಯ, ಹೀಗೆ ಪಟ್ಟಿ ಉದ್ದವಾಗುತ್ತದೆ. ಇವರಲ್ಲಿ ಹಲವರು ವಚನ ಬರೆದರು. ಹೆಸರಿನ ಹಿಂದೆ ಕಸುಬು ಸೇರಿಕೊಂಡದ್ದನ್ನು ಅವರು ಗೌರವವೆಂದೇ ಧರಿಸಿದರು. ಆ ಕಾಲದ ಸಮಾಜ ಕೈಕೆಲಸವನ್ನು ಕೀಳೆಂದು ಕಂಡಿತ್ತು. ಶರಣರು ಅದೇ ಕೆಲಸವನ್ನು ಪೂಜೆಗಿಂತ ಮುಂದೆ ತಂದು ನಿಲ್ಲಿಸಿದರು. ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸುತನ ಬಿಟ್ಟು ಬಂದು ಸೌದೆ ಹೊತ್ತರೆಂದು ಪರಂಪರೆ ಹೇಳುತ್ತದೆ. ಸಿಂಹಾಸನದಿಂದ ಸೌದೆಯ ಹೊರೆಗೆ ಬಂದದ್ದನ್ನು ಇಳಿತವೆಂದು ಆ ಕಥೆ ಎಲ್ಲೂ ಹೇಳುವುದಿಲ್ಲ.

ಕಾಯಕಕ್ಕೆ ಕೆಲವು ಕಟ್ಟಳೆಗಳಿವೆ. ಕೆಲಸ ಯಾವುದೇ ಇರಲಿ, ಅದು ಇನ್ನೊಬ್ಬರನ್ನು ನೋಯಿಸಬಾರದು, ವಂಚಿಸಬಾರದು. ದೇಹವೂ ಮನಸ್ಸೂ ಅದರಲ್ಲಿ ಪೂರ್ತಿಯಾಗಿ ತೊಡಗಿರಬೇಕು. ಕೆಲಸಕ್ಕೆ ತಕ್ಕಷ್ಟು ಮಾತ್ರ ಪಡೆಯಬೇಕು. ಪಡೆದದ್ದನ್ನು ಕೂಡಿಡದೆ ಅಂದಂದೇ ಸದ್ವಿನಿಯೋಗ ಮಾಡಬೇಕು. ಇವತ್ತಿಗೆ ಬೇಕು, ನಾಳೆಗೂ ಇರಲಿ ಎಂದು ಹೊನ್ನಿನಲ್ಲಾಗಲಿ ಬಟ್ಟೆಯಲ್ಲಾಗಲಿ ಒಂದೆಳೆಯಷ್ಟನ್ನೂ ಬಯಸುವುದಿಲ್ಲವೆಂದು ಬಸವಣ್ಣನವರೇ ಆಣೆಯಿಟ್ಟು ಹೇಳಿದರು. ರಾಜ್ಯದ ಬೊಕ್ಕಸ ಕೈಯಲ್ಲಿದ್ದವರ ಬಾಯಿಂದ ಬಂದದ್ದರಿಂದ ಆ ಮಾತಿಗೆ ವಿಶೇಷ ತೂಕವಿದೆ. ಕಾಯಕವೆಂದರೆ ಗುದ್ದಲಿ, ಮಗ್ಗಗಳ ಕೆಲಸ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಲೆಕ್ಕದ ಪುಸ್ತಕ ಬರೆಯುವುದೂ ಕಾಯಕವೇ, ಲೆಕ್ಕ ಸರಿಯಾಗಿದ್ದರೆ.

ಈ ಕಟ್ಟಳೆ ಮನೆಯೊಳಗೆ ಹೇಗೆ ನಡೆಯಿತೆಂಬುದಕ್ಕೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇವರು ರಾಯಚೂರು ಸೀಮೆಯ ಅಮರೇಶ್ವರ ಗ್ರಾಮದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಆ ಅಕ್ಕಿಯನ್ನು ಬೇಯಿಸಿ ಜಂಗಮರಿಗೆ ಬಡಿಸಿ, ಉಳಿದದ್ದನ್ನು ಉಣ್ಣುವುದು ಇಬ್ಬರ ನೇಮ. ಒಮ್ಮೆ ಮಾರಯ್ಯನವರು ಶರಣರ ಮಾತಿನಲ್ಲಿ ಮೈಮರೆತು ಕೂತುಬಿಟ್ಟಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವರು ಲಕ್ಕಮ್ಮನವರು. ಇನ್ನೊಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಮಡಿಲಿನ ಭಾರ ಕಂಡೊಡನೆ ಲಕ್ಕಮ್ಮನವರಿಗೆ ಅನುಮಾನ ಬಂತು. ಈ ಹೆಚ್ಚಿನ ಅಕ್ಕಿ ಎಲ್ಲಿಂದ ಬಂತು, ಏಕೆ ಬಂತು ಎಂದು ಕೇಳಿದರು. ಆಸೆ ಅರಸರಿಗೆ ತಕ್ಕದ್ದು, ಭಕ್ತರಿಗಲ್ಲ ಎಂದು ತಿಳಿಹೇಳಿ, ಹೆಚ್ಚಾದದ್ದನ್ನು ತಂದ ಜಾಗದಲ್ಲೇ ಸುರಿದು ಬರುವಂತೆ ಗಂಡನನ್ನು ಕಳಿಸಿದರು. ಕದ್ದದ್ದೇನೂ ಅಲ್ಲ, ನೆಲಕ್ಕೆ ಬಿದ್ದ ಅಕ್ಕಿಯೇ. ಆದರೂ ದಿನದ ಅಳತೆ ಮೀರಿದ್ದು ದೇವರು ತಮಗೆಂದು ಕೊಟ್ಟದ್ದಲ್ಲ ಎಂಬುದು ಅವರ ಲೆಕ್ಕ. ಕೃತಜ್ಞತೆಗೆ ಒಂದು ಅಳತೆ ಇದೆ ಎಂಬ ದೊಡ್ಡ ಮಾತು ಇಲ್ಲಿದೆ. ಸಾಕು ಎನ್ನಲು ಬಾರದವರಿಗೆ ಸಿಕ್ಕದ್ದರ ಬೆಲೆಯೂ ಗೊತ್ತಾಗುವುದಿಲ್ಲ.

ನುಲಿಯ ಚಂದಯ್ಯನವರ ಪ್ರಸಂಗ ಇದಕ್ಕಿಂತ ಕಟುವಾದದ್ದು. ವಿಜಯಪುರ ಜಿಲ್ಲೆಯ ಶಿವಣಗಿ ಅವರ ಊರು. ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವರ ಕಾಯಕ. ಹುಲ್ಲು ಕೊಯ್ಯುವಾಗ ಒಮ್ಮೆ ಅವರ ಇಷ್ಟಲಿಂಗವೇ ಜಾರಿ ನೀರಿಗೆ ಬಿತ್ತೆಂದೂ, ಅವರು ಕೆಲಸ ಬಿಟ್ಟು ಅದನ್ನು ಹುಡುಕಲಿಲ್ಲವೆಂದೂ, ಲಿಂಗವೇ ಅವರ ಬೆನ್ನು ಹತ್ತಿ ಬಂತೆಂದೂ ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನ ಹೇಳಿದ ಮೇಲೆ, ಲಿಂಗವೂ ಹಗ್ಗ ಮಾರುವ ಕಾಯಕಕ್ಕೆ ಒಪ್ಪಿದರೆ ಮಾತ್ರ ಸರಿ ಎಂದರು ಚಂದಯ್ಯ. ಲಿಂಗ ತಂದ ಹಗ್ಗಕ್ಕೆ ಬಸವಣ್ಣನವರು ಬೆಲೆ ಮೀರಿ ಹೊನ್ನು ಕೊಟ್ಟಾಗ ಅದನ್ನೂ ಅವರು ಒಪ್ಪಲಿಲ್ಲ. ಹಗ್ಗಕ್ಕೆ ಹಗ್ಗದ ಬೆಲೆ ಬಂದರೆ ಸಾಕು. ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ, ಕಾಯಕದಿಂದಲೇ ಬಿಡುಗಡೆ ಎಂಬುದು ಚಂದಯ್ಯನವರ ಸಿದ್ಧಾಂತ. ಇಷ್ಟು ನಿಷ್ಠುರವಾಗಿ ದುಡಿಮೆಯನ್ನು ಎತ್ತಿಹಿಡಿದ ಮಾತು ಜಗತ್ತಿನ ಧರ್ಮಸಾಹಿತ್ಯದಲ್ಲಿ ಅಪರೂಪ. ಮನೆಯಂಗಳ ಗುಡಿಸುವ ಕಾಯಕದ ಸತ್ಯಕ್ಕನವರ ವ್ರತವೂ ಇದೇ ಸಾಲಿನದು. ದಾರಿಯಲ್ಲಿ ಬಿದ್ದ ಹೊನ್ನನ್ನೂ ಬಟ್ಟೆಯನ್ನೂ ಕೈಯಿಂದ ಮುಟ್ಟುವುದಿಲ್ಲವೆಂಬುದು ಆ ವ್ರತ. ದಿನವೂ ಬೀದಿಯ ಮೇಲೆ ಕಣ್ಣಿಟ್ಟು ಕೆಲಸ ಮಾಡುವವರೇ ಈ ಮಾತು ಹೇಳಿದ್ದಾರೆ.

ದುಡಿಮೆ ಶುದ್ಧವಾಗಿದ್ದರೆ ಅದರಿಂದ ಬಂದ ಅನ್ನ ಪ್ರಸಾದವಾಗುತ್ತದೆ. ಪ್ರಸಾದವನ್ನು ಚೆಲ್ಲಬಾರದು, ಹಳಿಯಬಾರದು, ಒಬ್ಬರೇ ಉಣ್ಣಬಾರದು. ಕಾಯಕದ ಜೊತೆಗೆ ಶರಣರು ದಾಸೋಹವನ್ನು ಕಟ್ಟಿದ್ದು ಈ ಕಾರಣದಿಂದ. ದಾನ ಮಾಡುವವರಲ್ಲಿ ಕೊಡುತ್ತಿದ್ದೇನೆಂಬ ಅಹಂಕಾರ ಉಳಿಯಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ, ಏಕೆಂದರೆ ಕೊಡುವವರು ತಮ್ಮದಲ್ಲದ್ದನ್ನು ಅದರ ಒಡೆಯನಿಗೇ ಮರಳಿಸುತ್ತಿದ್ದಾರೆ. ವಂಚಿಸಿ ತಂದದ್ದು ದಾಸೋಹಕ್ಕೆ ಸಲ್ಲುವುದಿಲ್ಲ. ಕಳ್ಳ ತೂಕದ ವ್ಯಾಪಾರಿ ಹಬ್ಬದ ದಿನ ಸಾವಿರ ಜನಕ್ಕೆ ಊಟ ಹಾಕಿದರೂ ಶರಣರ ಲೆಕ್ಕದಲ್ಲಿ ಅದು ಸೇರುವುದಿಲ್ಲ.

ದಾಸರಹಳ್ಳಿಯ ಮುಂದೆ ಹಾದುಹೋಗುವ ಹೆದ್ದಾರಿ ವಾಯವ್ಯಕ್ಕೆ ಸಾಗಿ ತುಮಕೂರು ಮುಟ್ಟುತ್ತದೆ. ಅಲ್ಲಿನ ಸಿದ್ಧಗಂಗಾ ಮಠದಲ್ಲಿ ಈ ತತ್ವ ಇಂದಿಗೂ ಒಲೆಯ ಮೇಲಿದೆ. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹಕ್ಕೆ ಹೆಸರಾದ ಡಾ. ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು ಶಿವೈಕ್ಯರಾದರು. ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅಲ್ಲಿ ಊಟ, ವಸತಿ, ವಿದ್ಯೆ ಸಿಗುತ್ತದೆ. ಸುತ್ತಲಿನ ರೈತರು ಸುಗ್ಗಿಯಲ್ಲಿ ರಾಗಿ, ಅಕ್ಕಿ, ಕಾಳು ತಂದು ಮಠಕ್ಕೆ ಒಪ್ಪಿಸುತ್ತಾರೆ. ರೈತರ ಕಾಯಕ ಮಕ್ಕಳ ತಟ್ಟೆಗೆ ಬರುವ ಈ ದಾರಿಯೇ ದಾಸೋಹ. ಅಲ್ಲಿ ಓದಿದವರು ಮುಂದೆ ದುಡಿದು ಇನ್ನೊಬ್ಬರ ಓದಿಗೆ ನೆರವಾದರೆ ಆ ದಾರಿ ಇನ್ನೂ ಮುಂದಕ್ಕೆ ಸಾಗುತ್ತದೆ.

ಹರಿದಾಸರು ಇದೇ ನಂಬಿಕೆಯನ್ನು ಇನ್ನೊಂದು ಬದಿಯಿಂದ ನೋಡಿದರು. ಶರಣರು ದುಡಿಮೆಯ ಶುದ್ಧಿಗೆ ಒತ್ತು ಕೊಟ್ಟರೆ, ದಾಸರು ನಿಶ್ಚಿಂತೆಗೆ ಒತ್ತು ಕೊಟ್ಟರು. ಬೆಟ್ಟದ ತುದಿಯ ಮರಕ್ಕೆ ನೀರೆರೆಯುವವನು, ಕಲ್ಲಿನೊಳಗಿನ ಕಪ್ಪೆಗೆ ಆಹಾರ ಒದಗಿಸುವವನು ಮನುಷ್ಯನನ್ನು ಕೈಬಿಡಲಾರನೆಂದು ಕನಕದಾಸರು ತಳಮಳಿಸುವ ಮನಸ್ಸಿಗೆ ಧೈರ್ಯ ಹೇಳಿದರು. ಪುರಂದರದಾಸರು ಹಿಂದೆ ಚಿನ್ನ, ರತ್ನಗಳ ವ್ಯಾಪಾರ ಮಾಡುತ್ತಿದ್ದವರು. ಎಲ್ಲವನ್ನೂ ಬಿಟ್ಟು ಮಧುಕರ ವೃತ್ತಿ ಹಿಡಿದು, ಅಂದಿಗೆ ಬೇಕಾದಷ್ಟನ್ನು ಅಂದೇ ಪಡೆದು ಬಾಳಿದರೆಂದು ಪರಂಪರೆ ಹೇಳುತ್ತದೆ. ನಾಳಿನ ಭಯಕ್ಕೆ ಬಿದ್ದವರು ಇವತ್ತಿನ ಅನ್ನಕ್ಕೆ ಕೃತಜ್ಞರಾಗಲಾರರು ಎಂಬುದು ದಾಸರ ಪಾಠ. ದುಡಿಯದೆ ಕೂತರೂ ದೇವರು ತಂದು ಕೊಡುತ್ತಾನೆ ಎಂಬ ಅರ್ಥ ಇದರಲ್ಲಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿ ಮನೆಮನೆಯ ಬಾಗಿಲಿಗೆ ಹೋಗಿ ಹಾಡುವುದು ಬೆಳಗಿನಿಂದ ಮಾಡುವ ಕೆಲಸವೇ. ಅದರಿಂದ ಕನ್ನಡಕ್ಕೆ ದಕ್ಕಿದ ಸಂಗೀತ, ಸಾಹಿತ್ಯ ಎಷ್ಟೆಂಬುದು ನಾಡಿಗೆ ತಿಳಿದಿದೆ.

ಬೇರೆ ಧರ್ಮಗಳಲ್ಲೂ ಇದೇ ತಿಳಿವು ತನ್ನದೇ ರೂಪದಲ್ಲಿದೆ. ಗುರು ನಾನಕರು ಪ್ರಾಮಾಣಿಕ ದುಡಿಮೆ, ನಾಮಸ್ಮರಣೆ, ಹಂಚಿ ಉಣ್ಣುವುದು ಎಂಬ ಮೂರನ್ನು ಒಟ್ಟಿಗೆ ಬೋಧಿಸಿದರು. ಗುರುದ್ವಾರದ ಲಂಗರ್ ಮೂರನೆಯದರ ಫಲ. ಏಸು ಕಲಿಸಿದ ಪ್ರಾರ್ಥನೆಯಲ್ಲಿ ಕೇಳಿಕೊಳ್ಳುವುದು ಅಂದಿನ ರೊಟ್ಟಿಯನ್ನು, ವರ್ಷದ ದಾಸ್ತಾನನ್ನಲ್ಲ. ಸಂತ ಪೌಲರು ಡೇರೆ ಹೊಲಿದು ತಮ್ಮ ಖರ್ಚು ತಾವೇ ನೋಡಿಕೊಂಡರು. ಪ್ರವಾದಿ ದಾವೂದರು ಕೈಕೆಲಸದಿಂದ ಬದುಕಿದರೆಂದು ಇಸ್ಲಾಮಿನ ಪರಂಪರೆ ಗೌರವದಿಂದ ನೆನೆಯುತ್ತದೆ. ಕಬೀರರು ನೇಯ್ದರು, ರವಿದಾಸರು ಪಾದರಕ್ಷೆ ಹೊಲಿದರು, ಮಹಾರಾಷ್ಟ್ರದ ಗೋರಾ ಕುಂಬಾರರು ಮಡಕೆ ಮಾಡಿದರು. ತನಗಾಗಿಯೇ ಬೇಯಿಸಿಕೊಂಡು ಉಣ್ಣುವವರು ಪಾಪವನ್ನೇ ಉಣ್ಣುತ್ತಾರೆಂಬ ಅರ್ಥದ ಎಚ್ಚರಿಕೆ ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿದೆ. ಒಂದು ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚುವ ನಾನಾ ಧರ್ಮದ ಕೆಲಸಗಾರರಿಗೆ ಈ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಬರುವ ಕಾರಣವಿಲ್ಲ.

ಅಂಥ ಬೆಂಚುಗಳು ಸಾಲುಸಾಲಾಗಿರುವ ಸ್ಥಳ ಟಿ. ದಾಸರಹಳ್ಳಿಯ ಮಗ್ಗುಲಿನ ಪೀಣ್ಯ. ಬೆಂಗಳೂರಿನ ಈ ಭಾಗದಲ್ಲಿ ಯಂತ್ರೋದ್ಯಮಕ್ಕೆ ಅಡಿಪಾಯ ಬಿದ್ದದ್ದು ಸ್ವಾತಂತ್ರ್ಯದ ಹೊಸದರಲ್ಲಿ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಆರಂಭವಾದವು. ಲೇತ್ ತಿರುಗಿಸಲು, ನಕ್ಷೆ ಓದಲು, ಅಳತೆ ಹಿಡಿಯಲು ಬಲ್ಲ ಒಂದು ತಲೆಮಾರು ಅಲ್ಲಿ ತಯಾರಾಯಿತು. 1970ರ ದಶಕದ ಕೊನೆಗೆ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಾಗ ಸಣ್ಣ ಶೆಡ್ಡುಗಳಲ್ಲಿ ಸಾವಿರಾರು ಕಾರ್ಖಾನೆಗಳು ಎದ್ದವು. ಟೂಲ್ ರೂಮ್, ಫೌಂಡ್ರಿ, ಪ್ಲೇಟಿಂಗ್, ಪವರ್ ಪ್ರೆಸ್, ಗಾರ್ಮೆಂಟ್ಸ್, ಪ್ಯಾಕಿಂಗ್, ಎಲ್ಲ ಬಗೆಯ ಕೆಲಸವೂ ಅಲ್ಲುಂಟು. ಆ ಕೆಲಸಗಾರರಿಗೆ ಮನೆಯಾದದ್ದು ದಾಸರಹಳ್ಳಿ, ಚೊಕ್ಕಸಂದ್ರ, ಮಲ್ಲಸಂದ್ರ, ಬಾಗಲಗುಂಟೆ, ಹೆಗ್ಗನಹಳ್ಳಿ, ರಾಜಗೋಪಾಲನಗರ. ಪ್ರತ್ಯೇಕ ನಗರಸಭೆಯಾಗಿದ್ದ ದಾಸರಹಳ್ಳಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ದಾಸರಹಳ್ಳಿಯ ಮೂಲಕ ನಾಗಸಂದ್ರದವರೆಗೆ ಮೆಟ್ರೊ ಬಂದದ್ದು 2015ರ ಮೇ 1ರಂದು, ಕಾರ್ಮಿಕರ ದಿನದಂದು.

ಇಲ್ಲಿಗೆ ದುಡಿಯಲು ಬಂದವರಲ್ಲಿ ತುಮಕೂರು, ಹಾಸನ, ಮಂಡ್ಯದವರ ಜೊತೆಗೆ ವಿಜಯಪುರ, ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರೂ ಇದ್ದಾರೆ. ಬಸವಣ್ಣನವರು ಹುಟ್ಟಿದ, ಚಂದಯ್ಯ, ದಾಸಿಮಯ್ಯ, ಲಕ್ಕಮ್ಮನವರ ಊರುಗಳಿರುವ ಜಿಲ್ಲೆಗಳೂ ಇವುಗಳಲ್ಲಿ ಸೇರಿವೆ. ಮಳೆ ಕೈಕೊಟ್ಟ ಹೊಲ ಬಿಟ್ಟು ದಾಸರಹಳ್ಳಿಯ ಎಂಟನೇ ಮೈಲಿ ನಿಲ್ದಾಣದಲ್ಲಿ ಬಸ್ಸಿಳಿದು, ಊರಿನವರ ಪರಿಚಯದಿಂದ ಹೆಲ್ಪರ್ ಕೆಲಸ ಹಿಡಿದು, ನಾಲ್ಕಾರು ವರ್ಷಗಳಲ್ಲಿ ಆಪರೇಟರ್ ಆದವರು ಈ ಬಡಾವಣೆಗಳಲ್ಲಿ ಮನೆಮನೆಗೂ ಸಿಗುತ್ತಾರೆ. ಖಾನಾವಳಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೆಸ್ಸಿನ ಮುದ್ದೆ, ಸೊಪ್ಪಿನ ಸಾರು ಒಂದೇ ಬೀದಿಯಲ್ಲಿ ಬೇಯುತ್ತವೆ.

ಯಂತ್ರದ ಮುಂದೆ ಪ್ರಾಮಾಣಿಕತೆ ಎಂದರೇನು ಎಂಬುದನ್ನು ಕೊಳವೆಯಂಥ ಒಂದು ಸಣ್ಣ ಲೋಹದ ಬುಷ್‌ನಲ್ಲಿ ನೋಡಬಹುದು. ಒಳವ್ಯಾಸ 25 ಮಿಲಿಮೀಟರ್ ಇರಬೇಕಾದ ಬುಷ್‌ಗೆ ನಕ್ಷೆಯಲ್ಲಿ ಎಚ್7 ಎಂದು ಬರೆದಿದ್ದರೆ, ಅದರ ರಂಧ್ರ 25.000ರಿಂದ 25.021 ಮಿಲಿಮೀಟರಿನೊಳಗೆ ಇರಬೇಕು. ಬಿಟ್ಟಿರುವ ಅವಕಾಶ 21 ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ಇರುತ್ತದೆ. ಪೀಸ್ ಇಳಿಸಿದ ಮೇಲೆ ಆಪರೇಟರ್ ಅದನ್ನು ಒರೆಸಿ, ಪ್ಲಗ್ ಗೇಜಿನ ಒಂದು ತುದಿಯನ್ನು ತೂರಿಸುತ್ತಾರೆ. ಅದು ಗೋ, ಸರಾಗವಾಗಿ ಹೋಗಬೇಕು. ಮತ್ತೆ ಇನ್ನೊಂದು ತುದಿ ಹಿಡಿಯುತ್ತಾರೆ. ಅದು ನೋಗೋ, ಹೋಗಕೂಡದು. ಗೋ ಹೋಗದಿದ್ದರೆ ಪೀಸನ್ನು ಮತ್ತೆ ಕಟ್ಟಿ ರೀವರ್ಕ್ ಮಾಡಬಹುದು. ನೋಗೋ ಹೋಗಿಬಿಟ್ಟರೆ ರಂಧ್ರ ದೊಡ್ಡದಾಗಿದೆ ಎಂದರ್ಥ. ಕಡಿದ ಲೋಹವನ್ನು ಮರಳಿ ಅಂಟಿಸಲಾಗದು. ಆ ಪೀಸ್ ಕೆಂಪು ಡಬ್ಬಕ್ಕೆ ಹೋಗಬೇಕು.

ನೈಟ್ ಶಿಫ್ಟಿನಲ್ಲಿ ಸೂಪರ್‌ವೈಸರ್ ಇನ್ನೊಂದು ವಿಭಾಗದಲ್ಲಿರುತ್ತಾರೆ. ಟಾರ್ಗೆಟ್ಟಿಗೆ ಕೆಲವೇ ಪೀಸ್ ಬಾಕಿ ಇರುತ್ತದೆ. ಕಣ್ಣಿಗೆ ಒಳ್ಳೆಯ ಪೀಸಿಗೂ ಕೆಟ್ಟ ಪೀಸಿಗೂ ವ್ಯತ್ಯಾಸವೇ ಕಾಣದು. ಆ ಹೊತ್ತಿನಲ್ಲಿ ಕೆಟ್ಟದ್ದನ್ನು ಕೆಟ್ಟದ್ದೆಂದೇ ಬೇರೆ ಇಡುವ ಕೈಯಲ್ಲಿ ಲಕ್ಕಮ್ಮನವರ ನೇಮ ಜೀವಂತವಾಗಿದೆ. ಆ ಬುಷ್ ಎಲ್ಲೋ ಒಂದು ಪಂಪಿಗೆ, ಒಂದು ವಾಹನಕ್ಕೆ ಸೇರುತ್ತದೆ. ಅದನ್ನು ನಂಬಿ ಕೂತವರನ್ನು ಆಪರೇಟರ್ ಎಂದೂ ನೋಡುವುದಿಲ್ಲ. ಯಾರೂ ನೋಡದ ಕೆಲಸವನ್ನು ದೇವರು ನೋಡುತ್ತಾನೆಂದು ನಂಬಿ ಮಾಡುವುದು, ಆ ಕೆಲಸದಿಂದ ಬರುವ ಅನ್ನಕ್ಕೆ ಊಟಕ್ಕೆ ಮೊದಲೇ ಸಲ್ಲುವ ಕೃತಜ್ಞತೆ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕುವ ಟೈಲರ್, ತಕ್ಕಡಿಗೆ ಕೈ ತಾಗಿಸದ ತರಕಾರಿಯಮ್ಮ, ಮೀಟರಿನಷ್ಟೇ ಕೇಳುವ ಆಟೋ ಚಾಲಕ, ಬೆಳಕು ಹರಿಯುವ ಮೊದಲೇ ಬೀದಿ ಚೊಕ್ಕ ಮಾಡುವ ಪೌರಕಾರ್ಮಿಕರು, ಇವರೆಲ್ಲರ ಕೆಲಸವೂ ಇದೇ ಬಗೆಯದು.

ಈ ಕೃತಜ್ಞತೆ ವರ್ಷಕ್ಕೊಮ್ಮೆ ಎಲ್ಲರ ಕಣ್ಣಿಗೆ ಕಾಣುವಂತೆ ಹೊರಬರುವುದು ಆಯುಧಪೂಜೆಯಲ್ಲಿ. ನವರಾತ್ರಿಯ ಮಹಾನವಮಿಗೆ ಮೊದಲೇ ಪೀಣ್ಯದ ಶೆಡ್ಡುಗಳಲ್ಲಿ ಕೆಲಸ ನಿಲ್ಲಿಸಿ ತೊಳೆಯುವುದು ಶುರುವಾಗುತ್ತದೆ. ಲೇತಿನ ಬೆಡ್ಡಿನಿಂದ ಚಿಪ್ಸ್ ತೆಗೆದು, ಕೂಲೆಂಟ್ ಬದಲಿಸಿ, ಡೀಸೆಲ್‌ನಲ್ಲಿ ಒರೆಸಿ, ಹೊಸ ಎಣ್ಣೆ ಹಾಕುತ್ತಾರೆ. ವರ್ಷವಿಡೀ ಜಿಡ್ಡು ಹಿಡಿದ ನೆಲಕ್ಕೆ ಬಣ್ಣ ಬೀಳುತ್ತದೆ. ಯಂತ್ರಗಳಿಗೆ ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಬಾಗಿಲಿಗೆ ಬಾಳೆಕಂಬ ಕಟ್ಟುತ್ತಾರೆ. ವರ್ನಿಯರ್, ಮೈಕ್ರೋಮೀಟರ್, ಸ್ಪ್ಯಾನರ್, ಸುತ್ತಿಗೆಗಳನ್ನು ಒಂದು ಮೇಜಿನ ಮೇಲೆ ಜೋಡಿಸಿ ಪೂಜಿಸುತ್ತಾರೆ. ಕುಂಕುಮ ತುಂಬಿದ ಬೂದುಗುಂಬಳ ಒಡೆದು, ಕಡ್ಲೆಪುರಿ, ಸಿಹಿ ಹಂಚುತ್ತಾರೆ. ಮನೆಯವರು, ಮಕ್ಕಳು ಅಂದು ಕಾರ್ಖಾನೆಗೆ ಬರುತ್ತಾರೆ. ಅಪ್ಪ ದಿನವೂ ಹೋಗುವ ಜಾಗ ಇದು, ಅಮ್ಮ ಕೂರುವ ಮೆಷಿನ್ ಇದು ಎಂದು ಮಕ್ಕಳು ನೋಡುವುದು ಅಂದೇ. ಉತ್ತರ ಭಾರತದಿಂದ ಬಂದ ಕೆಲಸಗಾರರು ಸೆಪ್ಟೆಂಬರ್‌ನಲ್ಲಿ ವಿಶ್ವಕರ್ಮ ಪೂಜೆ ಮಾಡುತ್ತಾರೆ. ಅನ್ನ ಕೊಡುವ ಉಪಕರಣಕ್ಕೆ ಕೈಮುಗಿಯುವುದು ಕಬ್ಬಿಣದ ಪೂಜೆಯಾಗಿ ನಿಲ್ಲುವುದಿಲ್ಲ. ಆ ಕಬ್ಬಿಣದ ಮೂಲಕ ವರ್ಷವಿಡೀ ಮನೆ ನಡೆಸಿದ ಶಕ್ತಿಗೆ ಅದು ಸಲ್ಲುತ್ತದೆ.

ದಿನನಿತ್ಯದ ಕೃತಜ್ಞತೆ ಇದಕ್ಕಿಂತ ಮೌನವಾದದ್ದು. ಶಿಫ್ಟ್ ಶುರುವಾದಾಗ ಮೆಷಿನ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಅಂಗಡಿಯ ಮೊದಲ ಬೋಣಿಯ ಹಣವನ್ನು ಹಣೆಗೆ ಮುಟ್ಟಿಸುವುದು, ಎಲೆಯ ಮೇಲೆ ಅಗುಳು ಬಿಡದೆ ಉಣ್ಣುವುದು, ಮೊದಲ ಸಂಬಳವನ್ನು ತಾಯಿಯ ಕೈಗಿಡುವುದು, ಇವು ಕಲಿಸಿ ಬಂದ ಆಚಾರಗಳಿಗಿಂತ ನೋಡಿ ಬಂದ ಆಚಾರಗಳು. ತಿಂಗಳ ಸಂಬಳ ಬಂದೊಡನೆ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನ್‌ನಲ್ಲಿ ಹಣ ಕಳಿಸುವುದೂ ಒಂದು ದಾಸೋಹವೇ. ಹೊಸದಾಗಿ ಊರಿಂದ ಬಂದ ಹುಡುಗನಿಗೆ ಕೆಲಸ ಸಿಗುವವರೆಗೆ ರೂಮಿನಲ್ಲಿ ಜಾಗ, ತಟ್ಟೆಯಲ್ಲಿ ಪಾಲು ಕೊಡುವುದು ಅದಕ್ಕಿಂತ ದೊಡ್ಡದು, ಏಕೆಂದರೆ ಅಲ್ಲಿ ಕೊಡುವವರ ತಟ್ಟೆಯೂ ತುಂಬಿರುವುದಿಲ್ಲ.

ಕೃತಜ್ಞತೆಯ ಹೆಸರಿನಲ್ಲಿ ಅನ್ಯಾಯವನ್ನು ಸಹಿಸಬೇಕೆಂದು ಯಾವ ಶರಣರೂ ಹೇಳಲಿಲ್ಲ. ಸಿಕ್ಕಷ್ಟಕ್ಕೆ ತೃಪ್ತರಾಗಿರಿ ಎಂಬ ಮಾತು ಕೂಲಿ ಹಿಡಿದಿಟ್ಟುಕೊಂಡವರ ಬಾಯಿಂದ ಬಂದರೆ ಅದಕ್ಕೆ ಧರ್ಮದ ಬಲವಿಲ್ಲ. ದೇವರು ಕೈಗಳ ಮೂಲಕ ಕೊಡುತ್ತಾನೆಂದ ಮೇಲೆ, ಸಂಬಳ ಕೊಡುವ ಕೈಯೂ ಅವುಗಳಲ್ಲಿ ಒಂದು. ಅದು ತಡೆದರೆ ದೇವರ ಕೊಡುಗೆಯನ್ನೇ ತಡೆದಂತೆ. ಬೆವರಾರುವ ಮೊದಲು ಕೂಲಿ ಕೊಡಬೇಕೆಂದು ಇಸ್ಲಾಂ ಹೇಳುತ್ತದೆ. ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂದು ಬೈಬಲ್ಲಿನ ಹಳೆಯ ಒಡಂಬಡಿಕೆ ಹೇಳುತ್ತದೆ. ನಮ್ಮ ದೇಶದ ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಸಾಮಾನ್ಯ ಕಾರ್ಖಾನೆಗಳಿಗೆ ಗೊತ್ತುಮಾಡಿದ ಏಳನೆಯ ತಾರೀಕು 2019ರ ವೇತನ ಸಂಹಿತೆಯಲ್ಲೂ ತಿಂಗಳ ಸಂಬಳಕ್ಕೆ ಗಡುವಾಗಿ ಉಳಿದಿದೆ. ಹೆಚ್ಚು ಹೊತ್ತು ದುಡಿಸಿದರೆ ಆ ಹೊತ್ತಿಗೆ ಎರಡರಷ್ಟು ಕೂಲಿ ಸಲ್ಲಬೇಕೆಂಬ ನಿಯಮ 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ ಇತ್ತು. 1965ರ ಬೋನಸ್ ಕಾಯ್ದೆ ಮುಂದೆ ತಿದ್ದುಪಡಿಯಾಗಿ ವರ್ಷದ ವೇತನದ ಕನಿಷ್ಠ ಶೇಕಡಾ 8.33ರಷ್ಟನ್ನು ಬೋನಸ್ಸಾಗಿ ಕೊಡಬೇಕೆಂದಿತು. ಪವರ್ ಪ್ರೆಸ್ಸಿಗೆ ಕೈ ಸಿಗದಂತೆ ಗಾರ್ಡ್ ಹಾಕಿಸುವುದು, ಕುಡಿಯುವ ನೀರು, ಶೌಚಾಲಯ ಒದಗಿಸುವುದು, ಇಎಸ್‌ಐ, ಪಿಎಫ್ ಹಣವನ್ನು ಹಿಡಿದಷ್ಟೂ ಕಟ್ಟುವುದು ಮಾಲೀಕರ ಕಾಯಕ. ಆಯುಧಪೂಜೆಯ ದಿನ ಮೆಷಿನ್ನಿಗೆ ಹಾರ ಹಾಕಿ, ಮೆಷಿನ್ ನಡೆಸುವವರ ಬಾಕಿ ಉಳಿಸಿಕೊಂಡರೆ ಪೂಜೆ ಪೂರ್ತಿಯಾಗುವುದಿಲ್ಲ. ಹಾಗೆಯೇ ಕೊಟ್ಟ ಸಂಬಳಕ್ಕೆ ತಕ್ಕ ಕೆಲಸ ಮಾಡದೆ ಹೊತ್ತು ಕಳೆಯುವವರ ಊಟವೂ ಪ್ರಸಾದವಾಗುವುದಿಲ್ಲ.

ಇನ್ನುಳಿದದ್ದು ಕೆಲಸವೇ ಇಲ್ಲದವರ ಪ್ರಶ್ನೆ. ದುಡಿಯಲು ಮನಸ್ಸಿದ್ದೂ ಕೆಲಸ ಕಳೆದುಕೊಂಡವರು, ಕಾಯಿಲೆ ಬಿದ್ದವರು, ವಯಸ್ಸಾದವರು ದೇವರ ಕೊಡುಗೆಯಿಂದ ಹೊರಗುಳಿದವರೇ? 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಈ ಪ್ರಶ್ನೆ ಪೀಣ್ಯದ ಪ್ರತಿ ಬೀದಿಯಲ್ಲೂ ಎದ್ದಿತು. ಯಂತ್ರಗಳು ನಿಂತವು, ದಿನಗೂಲಿ ನಿಂತಿತು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಆಗ ನೆರೆಹೊರೆಯವರು, ಸಂಘಸಂಸ್ಥೆಗಳು ಅಕ್ಕಿ, ಬೇಳೆಯ ಪೊಟ್ಟಣ ಹಂಚಿದರು. ಶರಣರ ವಿಚಾರದಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ದಾಸೋಹ ಇರುವುದೇ ಇಂಥ ದಿನಕ್ಕೆ. ತನ್ನ ಕೈ ಸೋತಾಗ ಇನ್ನೊಬ್ಬರ ಕೈಯ ಮೂಲಕ ಅನ್ನ ಬರುತ್ತದೆ. ಪಡೆಯುವವರು ಅದಕ್ಕೆ ತಲೆತಗ್ಗಿಸಬೇಕಾಗಿಲ್ಲ. ಕೆಲಸಗಾರರ ಸಂಬಳದಿಂದಲೂ ಮಾಲೀಕರಿಂದಲೂ ವಂತಿಗೆ ಕೂಡಿಸಿ, ಕಾಯಿಲೆ ಬಿದ್ದವರಿಗೆ ಚಿಕಿತ್ಸೆಯನ್ನೂ ರಜೆಯ ದಿನಗಳ ಭತ್ಯೆಯನ್ನೂ ಕೊಡುವ ಇಎಸ್‌ಐ ವ್ಯವಸ್ಥೆ 1948ರ ಕಾನೂನಿನಿಂದ ಬಂದದ್ದು. ಅದು ಹಕ್ಕಿನ ರೂಪ ಪಡೆದ ದಾಸೋಹ ಎಂದರೆ ತಪ್ಪಿಲ್ಲ.

ವಚನಗಳನ್ನು ಮನೆಮನೆ ಅಲೆದು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರ ಬದುಕು ಈ ತತ್ವ ಆಧುನಿಕ ಕಾಲದಲ್ಲೂ ನಡೆಯಬಲ್ಲದು ಎಂಬುದಕ್ಕೆ ಸಾಕ್ಷಿ. ವಕೀಲಿಕೆಯ ಸಂಪಾದನೆಯನ್ನೂ ಸ್ವಂತ ಮನೆಯನ್ನೂ ಅವರು ಆ ಕೆಲಸಕ್ಕೆ ಸುರಿದರು. ಕಾಯಕದ ಮಾತುಗಳು ಇಂದು ಓದಲು ಸಿಗುವುದು ಅವರ ಕಾಯಕದಿಂದ.

ಒಟ್ಟಿನಲ್ಲಿ, ದಿನದ ಅನ್ನಕ್ಕಾಗಿ ದೇವರಿಗೆ ಸಲ್ಲುವ ಕೃತಜ್ಞತೆಗೆ ಕನ್ನಡದ ಪರಂಪರೆ ನಾಲ್ಕು ಮೆಟ್ಟಿಲು ಕಟ್ಟಿಕೊಟ್ಟಿದೆ. ದುಡಿಮೆಯಲ್ಲಿ ಕಪಟ ಇರಬಾರದು. ಪಡೆಯುವುದರಲ್ಲಿ ಅಳತೆ ಮೀರಬಾರದು. ಉಣ್ಣುವಾಗ ಕೊಟ್ಟವನನ್ನೂ ಬೆಳೆದವರನ್ನೂ ಬೇಯಿಸಿದವರನ್ನೂ ನೆನೆಯಬೇಕು. ಇಲ್ಲದವರಿಗೆ ಪಾಲು ಕೊಡಬೇಕು. ಇವುಗಳಲ್ಲಿ ಒಂದಕ್ಕೂ ಸಿರಿತನ ಬೇಕಾಗಿಲ್ಲ, ಓದು ಬೇಕಾಗಿಲ್ಲ, ಬಿಡುವು ಕೂಡ ಬೇಕಾಗಿಲ್ಲ. ಕೆಲಸದ ಹೊತ್ತಿನಲ್ಲೇ, ಕೆಲಸದ ಜಾಗದಲ್ಲೇ ಇವು ನಡೆಯುತ್ತವೆ.